ಹಿರಿಯರ ಹೆಸರಿನಲ್ಲೊಂದು ಕೋಣೆ

ಮುಲುಂಡಿನ ನಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬರೇ ಇರಬಹುದಾದ ಜಾಗವೆಂದರೆ ಬಚ್ಚಲುಮನೆ ಒಂದೇ. ಹಾಲ್ ನನ್ನ ಗಂಡನದು ಮತ್ತು ಅವರ ಟಿ.ವಿ.ಯದು. ಅಡುಗೆಮನೆ ನನ್ನದು. ಇರುವ ಒಂದೇ ಕೋಣೆಯಲ್ಲಿ ಬೀರುಗಳು, ಹಾಸಿಗೆಗಳು, ಯಾರದೋ ಮದುವೆಯಲ್ಲಿ ಕೊಟ್ಟ, ಇನ್ನೂ ಬಿಚ್ಚದ ಪಾತ್ರೆಗಳು. ಮೈಸೂರಿನಲ್ಲಿ ಬೆಳೆದ ನನಗೆ ಮದುವೆಯಾಗಿ ಬಂದ ಹೊಸದರಲ್ಲಿ ಇದೆಲ್ಲ ತಮಾಷೆಯಾಗಿತ್ತು, ಆಮೇಲೆ ರೂಢಿಯಾಯಿತು. ಮಗಳಿಗೆ ಹುಷಾರು ತಪ್ಪಿದಾಗ ಮಾತ್ರ ಈ ಮನೆ ಎಷ್ಟು ಚಿಕ್ಕದು ಎಂಬುದು ಮತ್ತೆ ಅರಿವಿಗೆ ಬಂತು.

ಅವಳ ಆಫೀಸು ಅಂಧೇರಿಯಲ್ಲಿತ್ತು. ಇಲ್ಲಿಂದ ಲೋಕಲ್ ಹಿಡಿದು ಘಾಟ್ಕೋಪರ್, ಅಲ್ಲಿಂದ ಮೆಟ್ರೋ. ಈ ಊರಲ್ಲಿ ಎಲ್ಲರೂ ಮಾಡುವ ಪ್ರಯಾಣವೇ ಅದು. ಒಂದು ಸಂಜೆ ವಾಪಸು ಬರುವಾಗ ಗಾಡಿ ಸ್ಟೇಷನ್ನುಗಳ ನಡುವೆ ನಿಂತುಬಿಟ್ಟಿತಂತೆ. ಲೇಡೀಸ್ ಡಬ್ಬಿಯಲ್ಲಿ ಕೈ ಎತ್ತಲೂ ಆಗದಷ್ಟು ನೂಕುನುಗ್ಗಲು. ಅವಳಿಗೆ ಉಸಿರೇ ಸಿಗದ ಹಾಗಾಯಿತು, ಸತ್ತೇಹೋಗುತ್ತೇನೆ ಅನ್ನಿಸಿತು. ವಿಕ್ರೋಲಿಯಲ್ಲಿ ಹೇಗೋ ಇಳಿದು, ಆಟೋ ಮಾಡಿಕೊಂಡು ಮನೆಗೆ ಬಂದಳು. ಮರುದಿನ ಸ್ಟೇಷನ್ ಮೆಟ್ಟಿಲವರೆಗೆ ಹೋಗಿ ತಿರುಗಿ ಬಂದಳು. ಅದರ ಮರುದಿನ ನಮ್ಮ ಬಿಲ್ಡಿಂಗಿನ ಗೇಟಿನಿಂದಲೇ ಹಿಂತಿರುಗಿದಳು. ಆಫೀಸಿನವರು ಸ್ವಲ್ಪ ಕಾಲ ಕಾದರು, ಆಮೇಲೆ ಕಾಯಲಿಲ್ಲ.

ಎದುರುಮನೆಯಾಕೆ ಬೆಂಗಳೂರಿನವರು. ನಮ್ಮ ಭಜನಾ ಮಂಡಳಿಯಲ್ಲೂ ಇದ್ದಾರೆ. ಒಳ್ಳೆಯವರೇ, ಆದರೆ ಎಲ್ಲದರಲ್ಲೂ ಸ್ವಲ್ಪ ಮೂಗು ತೂರಿಸುತ್ತಾರೆ. ಮಗಳು ಮನೆಯಲ್ಲೇ ಇರುತ್ತಾಳಲ್ಲ ಎಂದು ಕೇಳಿದಾಗ, ಅವಳಿಗೆ ವರ್ಕ್ ಫ್ರಮ್ ಹೋಮ್ ಎಂದು ಹೇಳಿದೆ. ಅಷ್ಟು ಹೇಳಿದರೆ ಸಾಕಾಗಿತ್ತು. ಪ್ರಮೋಷನ್ ಕೂಡ ಆಗಿದೆ ಎಂದು ಸೇರಿಸಿದೆ. ನನ್ನ ಬಾಯಿಯ ಹಣೆಬರಹವೇ ಹಾಗೆ.

ಹತ್ತಿರದ ಮುನ್ಸಿಪಾಲಿಟಿ ದವಾಖಾನೆಯ ಡಾಕ್ಟರು ಒಬ್ಬ ಕೌನ್ಸೆಲರ್ ಮೇಡಂ ಅವರ ನಂಬರು ಕೊಟ್ಟಿದ್ದರು. ಮಗಳು ಅವರೊಂದಿಗೆ ಬಚ್ಚಲುಮನೆಯಿಂದ ಮಾತಾಡುತ್ತಿದ್ದಳು. ನಮಗೆ ಕೇಳಿಸಬಾರದೆಂದು ನಲ್ಲಿ ಬಿಟ್ಟುಕೊಂಡು ಮಾತಾಡುವಳು. ಬಕೆಟ್ ತುಂಬಿ ಹರಿಯುತ್ತಿತ್ತು, ನೀರು ಪೋಲಾಗುತ್ತಿದೆ ಎಂದು ಗಂಡ ಗೊಣಗುತ್ತಿದ್ದರು, ನಾನು ಬಾಗಿಲ ಹೊರಗೆ ಕೈಯಲ್ಲಿ ಟವಲ್ಲು ಹಿಡಿದು ನಿಂತಿರುತ್ತಿದ್ದೆ. ಆ ನೀರಿನ ಸದ್ದಿನ ಆಚೆ ನನ್ನ ಮಗಳು ಯಾರಿಗೋ ತನ್ನ ಭಯ ಹೇಳಿಕೊಳ್ಳುತ್ತಿದ್ದಳು, ನನಗಲ್ಲ. ಅವಳು ಹೊರಗೆ ಬಂದಾಗ ಮಾತ್ರ ದೋಸೆ ಹಾಕಲಾ ಎಂದು ಕೇಳುತ್ತಿದ್ದೆ. ಬೇರೆ ಏನು ಕೇಳಬೇಕೋ ಗೊತ್ತಿರಲಿಲ್ಲ.

ಮೇಡಂ ಅವರೇ ಒಂದು ದಿನ ಕೋಣೆಯೊಂದರ ವಿಷಯ ತಿಳಿಸಿದರು. ದವಾಖಾನೆಯ ಪಕ್ಕದ ಮುನ್ಸಿಪಾಲಿಟಿ ಶಾಲೆಯಲ್ಲಿ ಹಿಂದೆ ಕನ್ನಡ ವಿಭಾಗವೂ ಇತ್ತು. ಮಕ್ಕಳು ಬರದೆ ಅದು ಮುಚ್ಚಿಹೋದ ಮೇಲೆ ಒಂದು ತರಗತಿ ಖಾಲಿ ಉಳಿದಿತ್ತು. ಯುವಕರ ಮಾನಸಿಕ ಆರೋಗ್ಯಕ್ಕೆಂದು ಪಾಲಿಕೆಯ ಬಜೆಟ್ಟಿನಲ್ಲಿ ತೆಗೆದಿಟ್ಟ ಸಣ್ಣ ಮೊತ್ತದಲ್ಲಿ ಆ ಕೋಣೆಗೆ ಸುಣ್ಣ ಹೊಡೆಸಿ, ಫ್ಯಾನು ಹಾಕಿಸಿ, ಕ್ಯಾರಂ ಬೋರ್ಡು, ಚಾಪೆ ತಂದಿಟ್ಟಿದ್ದರು. ಮೂಲೆಯಲ್ಲಿ ಪ್ಲೈವುಡ್ಡಿನ ಮರೆ ಮಾಡಿ ಮೇಡಂಗೆ ಕುರ್ಚಿ ಹಾಕಿದ್ದರು. ಅವರು ವಾರದಲ್ಲಿ ಎರಡು ಮಧ್ಯಾಹ್ನ ಬರುತ್ತಿದ್ದರು. ಉಳಿದ ಮಧ್ಯಾಹ್ನಗಳಲ್ಲಿ ಹುಡುಗ ಹುಡುಗಿಯರು ಸುಮ್ಮನೆ ಬಂದು ಕೂರಬಹುದಾಗಿತ್ತು.

ಸುಮ್ಮನೆ ಕೂರುವುದಕ್ಕೂ ಸರಕಾರ ಕೋಣೆ ಕೊಡಬೇಕೇ ಎಂದು ನನ್ನ ಗಂಡ ಕೇಳಿದರು. ನಾನು ಮೊದಲ ದಿನ ಮಗಳನ್ನು ಬಿಟ್ಟುಬರಲು ಹೋದಾಗ ಉತ್ತರ ಅಲ್ಲಿಯೇ ಸಿಕ್ಕಿತು. ವಿಜಾಪುರದ ಕಡೆಯಿಂದ ಬಂದು ಕಟ್ಟಡ ಕೆಲಸ ಮಾಡುವವರ ಮಗಳೊಬ್ಬಳು ಗೋಡೆಗೆ ಒರಗಿ ಗಾಢ ನಿದ್ದೆಯಲ್ಲಿದ್ದಳು. ಮನೆಯಲ್ಲಿ ಹಗಲು ಮಲಗಲು ಜಾಗವಿಲ್ಲವಂತೆ, ರಾತ್ರಿ ಓದು. ಇನ್ನೊಬ್ಬ ಕಿಟಕಿಯ ಬಳಿ ಹೊರಗೆ ನೋಡುತ್ತಾ ಅಳುತ್ತಿದ್ದ. ಯಾರೂ ಅವನನ್ನು ಯಾಕೆ ಎಂದು ಕೇಳುತ್ತಿರಲಿಲ್ಲ. ಹೊಸ ಸುಣ್ಣದ ಕೆಳಗಿಂದ ಅ ಆ ಇ ಈ ಮಸುಕಾಗಿ ಇಣುಕುತ್ತಿತ್ತು. ಈ ಊರಿನಲ್ಲಿ ಇಷ್ಟು ವರ್ಷ ಇದ್ದೂ, ಅಳುವುದಕ್ಕೆ ಒಂದು ಜಾಗ ಬೇಕು ಎಂಬುದು ನನಗೆ ಹೊಳೆದಿರಲಿಲ್ಲ.

ಮಗಳು ಆ ಕೋಣೆಗೆ ಹೋಗತೊಡಗಿದಳು. ಬಚ್ಚಲುಮನೆಯ ನಲ್ಲಿ ನಿಂತಿತು. ಕೆಲವು ವಾರಗಳಲ್ಲಿ ಅವಳು ತಾನಾಗಿ ತಲೆ ಬಾಚಿಕೊಂಡು ಹೊರಡುತ್ತಿದ್ದಳು, ಬಂದು ಹಸಿವು ಎನ್ನುತ್ತಿದ್ದಳು. ಆ ಹಸಿವು ಎಂಬ ಮಾತಿಗೆ ನಾನು ಪಟ್ಟ ಸಂತೋಷ, ಅವಳು ಮೊದಲ ಸಲ ಅಮ್ಮ ಎಂದಾಗಲೂ ಪಟ್ಟಿರಲಿಲ್ಲ.

ಅಷ್ಟರಲ್ಲಿ ವರ್ಷ ಮುಗಿಯುತ್ತ ಬಂತು. ಕೋಣೆಗೆ ಕೊಟ್ಟ ಹಣ ಒಂದು ವರ್ಷದ್ದು ಮಾತ್ರ. ಮುಂದಕ್ಕೂ ಕೊಡಬೇಕೋ ಬೇಡವೋ ಎಂದು ವಾರ್ಡ್ ಆಫೀಸಿನ ಸಾಹೇಬರು ಬಂದು ನೋಡಿ ತೀರ್ಮಾನಿಸುತ್ತಾರೆ ಎಂದು ಮೇಡಂ ಹೇಳಿದರು. ಆ ವರ್ಷಗಳಲ್ಲಿ ಪಾಲಿಕೆಯ ಚುನಾವಣೆಯೇ ನಡೆಯದೆ ನಗರಸೇವಕರೆನ್ನುವ ಕಾರ್ಪೊರೇಟರುಗಳೂ ಇರಲಿಲ್ಲ. ಹೋಗಿ ಗೋಗರೆಯಲು ಯಾರೂ ಇಲ್ಲ. ಕೋಣೆಯಲ್ಲಿ ಜನ ಕಾಣಿಸದಿದ್ದರೆ ಹಣ ಪೇವರ್ ಬ್ಲಾಕಿಗೆ ಹೋಗುತ್ತದೆ ಎಂದರು. ಮುಂಬಯಿಯಲ್ಲಿ ದಿಕ್ಕಿಲ್ಲದ ಹಣವೆಲ್ಲ ಕೊನೆಗೆ ಫುಟ್‌ಪಾತಿನ ಪೇವರ್ ಬ್ಲಾಕ್ ಆಗಿಯೇ ಮೋಕ್ಷ ಪಡೆಯುವುದು.

ತೊಂದರೆ ಇದ್ದದ್ದು ಇಲ್ಲಿಯೇ. ಸಾಹೇಬರು ಬರುತ್ತಾರೆ, ಜೊತೆಗೆ ಫೋಟೋದವನು ಬರುತ್ತಾನೆ ಎಂದು ತಿಳಿದ ತಕ್ಷಣ ಹುಡುಗರೆಲ್ಲ ಆ ದಿನ ಬರುವುದಿಲ್ಲ ಎಂದರು. ಬರುವುದೇ ಯಾರಿಗೂ ಕಾಣಿಸಬಾರದೆಂದು, ಫೋಟೋಕ್ಕೆ ನಿಲ್ಲು ಅಂದರೆ ಹೇಗೆ? ನನ್ನ ಮಗಳೂ ಬರುವುದಿಲ್ಲ ಎಂದಳು. ಹಾಗೆಂದವಳು ಆ ರಾತ್ರಿ ಊಟ ಬಿಟ್ಟಳು. ಕೋಣೆ ಹೋದರೆ ತಾನು ಮತ್ತೆ ಬಚ್ಚಲುಮನೆಗೇ ಎಂದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಕೋಣೆ ತುಂಬಿರಬೇಕು, ಅಷ್ಟೇ ತಾನೆ? ಕೋಣೆ ತುಂಬುವುದರಲ್ಲಿ ನಮ್ಮ ಭಜನಾ ಮಂಡಳಿಯನ್ನು ಮೀರಿಸುವವರಿಲ್ಲ. ಏಕಾದಶಿಗೆ ಎಷ್ಟು ಚಿಕ್ಕ ಹಾಲ್ ಆದರೂ ಸೈ, ನಮ್ಮವರು ಹೇಗೋ ಹಿಡಿಸಿಕೊಳ್ಳುತ್ತಾರೆ. ಮಂಡಳಿಯಲ್ಲಿ ಎಲ್ಲರಿಗಿಂತ ಹಿರಿಯರಾದ ಒಬ್ಬರನ್ನು ನಾವೆಲ್ಲ ಅಕ್ಕ ಎನ್ನುತ್ತೇವೆ. ಉಡುಪಿಯ ಕಡೆಯವರು, ಎಪ್ಪತ್ತು ದಾಟಿದ್ದಾರೆ, ಗಂಡ ತೀರಿಕೊಂಡ ಮೇಲೂ ಯಾರ ಮನೆಗೂ ಹೋಗದೆ ಒಬ್ಬರೇ ಇದ್ದಾರೆ. ಅವರ ಬಳಿ ಹೋಗಿ, ಮಕ್ಕಳ ಕೋಣೆಯೊಂದು ಪೇವರ್ ಬ್ಲಾಕಿನ ಪಾಲಾಗುತ್ತಿದೆ, ನೀವೆಲ್ಲ ಒಂದು ಮಧ್ಯಾಹ್ನ ಬಂದು ಕೂರಬೇಕು ಎಂದೆ. ಯಾವ ಮಕ್ಕಳು ಎಂದು ಅವರು ಕೇಳಲಿಲ್ಲ. ಕಾಫಿ ಉಂಟಾ ಎಂದು ಮಾತ್ರ ಕೇಳಿದರು.

ಸುಮ್ಮನೆ ಕೂರಿ ಎಂದು ನಾನು ಎಲ್ಲರಿಗೂ ಸಾರಿ ಹೇಳಿದ್ದೆ. ಆದರೆ ಹೆಂಗಸರೆಲ್ಲ ರೇಷ್ಮೆ ಸೀರೆ ಉಟ್ಟು ಬಂದರು. ಒಬ್ಬರು ಕೋಸಂಬರಿ ತಂದರು, ಒಬ್ಬರು ಪಾನಕ. ಎದುರುಮನೆಯಾಕೆ ಹಾರ್ಮೋನಿಯಂ ಹೊರಿಸಿಕೊಂಡು ಬಂದರು. ಸಾಹೇಬರು ಬರುವುದು ತಡವಾಯಿತು. ನಮ್ಮವರಿಗೆ ಕೈ ಕಟ್ಟಿ ಕೂತು ಅಭ್ಯಾಸವಿಲ್ಲ, ಭಜನೆ ಶುರು ಮಾಡಿಬಿಟ್ಟರು.

ಸಾಹೇಬರು ಬಾಗಿಲಲ್ಲೇ ನಿಂತರು. ಇನ್ನೂ ಚಿಕ್ಕ ಪ್ರಾಯದವರು, ದಣಿದ ಮುಖ. ಬೂಟು ಕಳಚಿಟ್ಟು ಒಳಗೆ ಬಂದು ಚಾಪೆಯ ಮೇಲೆ ಕೂತರು. ಒಂದಕ್ಷರ ಅರ್ಥವಾಗದಿದ್ದರೂ ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟಿದರು. ಕೋಸಂಬರಿ ತಿಂದು ಇನ್ನೂ ಸ್ವಲ್ಪ ಹಾಕಿಸಿಕೊಂಡರು. ಊರಲ್ಲಿ ತಮ್ಮ ತಾಯಿಯೂ ಹೀಗೆಯೇ ಭಜನೆಗೆ ಹೋಗುತ್ತಾರೆ, ನೋಡದೆ ತುಂಬ ದಿನವಾಯಿತು ಎಂದು ಅಕ್ಕನ ಹತ್ತಿರ ಮರಾಠಿಯಲ್ಲಿ ಹೇಳಿಕೊಂಡರು. ಫೋಟೋದವನು ಎಡೆಬಿಡದೆ ಫೋಟೋ ತೆಗೆದ. ನಿಮ್ಮ ಕೋಣೆಗೆ ಹಣ ಖಂಡಿತ ಎಂದು ಸಾಹೇಬರು ಮಾತು ಕೊಟ್ಟು ಹೋದರು. ನಾನು ಮನೆಗೆ ಬಂದು ಪಾಯಸ ಮಾಡಿದೆ.

ಮಾತು ಕೊಟ್ಟಂತೆ ಹಣ ಬಂತು. ಮೇಡಂ ಫೋನ್ ಮಾಡಿದಾಗ ಅವರ ಧ್ವನಿ ಮಾತ್ರ ಸೋತಿತ್ತು. ಮಾರನೆಯ ದಿನ ಹೋಗಿ ನೋಡಿದರೆ ಬಾಗಿಲ ಮೇಲೆ ಹೊಸ ಬೋರ್ಡು ಏರಿತ್ತು: ಜ್ಯೇಷ್ಠ ನಾಗರಿಕ ವಿರಂಗುಳಾ ಕೇಂದ್ರ. ಅಂದರೆ ವಯಸ್ಸಾದವರು ಹೊತ್ತು ಕಳೆಯುವ ಜಾಗ. ಕ್ಯಾರಂ ಬೋರ್ಡನ್ನು ಗೋಡೆಗೆ ಒರಗಿಸಿ, ಕೈಯಿರುವ ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಇಟ್ಟಿದ್ದರು. ಮರಾಠಿ ಪೇಪರು ಹಾಕಿಸಿದ್ದರು. ಅರವತ್ತು ದಾಟದವರಿಗೆ ಪ್ರವೇಶವಿಲ್ಲ ಎಂದು ಕಾವಲಿನವನಿಗೆ ಹೇಳಿಹೋಗಿದ್ದರು. ಸಾಹೇಬರದೇನು ತಪ್ಪು? ಯುವಕರ ಕೋಣೆ ನೋಡಲು ಬಂದವರಿಗೆ ನಾವು ತೋರಿಸಿದ್ದು ಮೊಣಕಾಲು ನೋವಿನ ಹೆಂಗಸರನ್ನು.

ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿಹಾಕಿಕೊಂಡಿದ್ದೆ. ಮಗಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪರವಾಗಿಲ್ಲ ಅಮ್ಮ ಎಂದು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆ ಸಂಜೆ ಬಚ್ಚಲುಮನೆಯ ನಲ್ಲಿಯ ಸದ್ದು ಮತ್ತೆ ಕೇಳಿಸಿತು.

ವಾರ್ಡ್ ಆಫೀಸಿಗೆ ಹೋಗಿಯೇ ತೀರುತ್ತೇನೆ ಎಂದು ಹೊರಟೆ. ಒಬ್ಬಳೇ ಹೋದರೆ ಜಗಳ ಮಾಡಿಕೊಂಡು ಬರುತ್ತೀ ಎಂದು ಅಕ್ಕನೂ ಬಂದರು. ಸಾಹೇಬರು ನಮ್ಮನ್ನು ನೋಡಿ ಎದ್ದು ನಿಂತರು, ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆದು ಚಹಾ ತರಿಸಿದರು. ನಾನು ನನ್ನ ಹರಕು ಮರಾಠಿಯಲ್ಲಿ, ನಮಗೆ ಈ ಕೇಂದ್ರ ಬೇಡ, ಹುಡುಗರ ಕೋಣೆ ಹುಡುಗರಿಗೆ ಕೊಡಿ ಎಂದೆ. ಅವರು ಕಕ್ಕಾಬಿಕ್ಕಿಯಾದರು. ಹಣ ಕೇಳಿಕೊಂಡು ಬರುವವರನ್ನು ದಿನವೂ ನೋಡುತ್ತೇನೆ, ಬಂದ ಹಣ ಬೇಡ ಎಂದು ಬಂದವರನ್ನು ನೋಡಿದ್ದು ಇದೇ ಮೊದಲು ಎಂದರು. ಹಿರಿಯರ ಲೆಕ್ಕದಲ್ಲಿ ಮಂಜೂರಾದದ್ದನ್ನು ಮುಂದಿನ ಬಜೆಟ್ಟಿನವರೆಗೆ ಯುವಕರ ಲೆಕ್ಕಕ್ಕೆ ತಿರುಗಿಸಲು ಬರುವುದಿಲ್ಲ. ಮೇಡಂ ಬೇಕಾದರೆ ಅಲ್ಲಿಯೇ ಕೂರಲಿ, ಹಿರಿಯರಿಗೂ ಮನಸ್ಸು ಎಂಬುದೊಂದು ಇದೆಯಲ್ಲ. ಅಷ್ಟಕ್ಕೂ ಯುವಕರು ಯಾರೂ ಬರುತ್ತಿರಲಿಲ್ಲವಲ್ಲ, ನಾನೇ ಕಣ್ಣಾರೆ ನೋಡಿದೆ ಎಂದರು.

ನನಗೆ ತಡೆಯಲಾಗಲಿಲ್ಲ. ಬರುತ್ತಿದ್ದರು, ನನ್ನ ಮಗಳೇ ಬರುತ್ತಿದ್ದಳು, ಅವಳಿಗೆ ಉಸಿರಾಡಲು ಇದ್ದದ್ದು ಅದೊಂದೇ ಜಾಗ ಎಂದುಬಿಟ್ಟೆ. ಹೇಳಿದ ಮೇಲೆ ಅಕ್ಕ ಪಕ್ಕದಲ್ಲೇ ಇದ್ದಾರೆ ಎಂಬುದು ನೆನಪಾಯಿತು. ಅಕ್ಕ ಚಹಾ ಕುಡಿಯುತ್ತಲೇ ಇದ್ದರು. ಸಾಹೇಬರು ಮುಂದಿದ್ದ ಫೈಲು ಮುಚ್ಚಿಟ್ಟರು. ಆಮೇಲೆ ಮೆತ್ತಗೆ, ಬೋರ್ಡು ಬದಲಾಯಿಸುವುದು ನನ್ನ ಕೈಯಲ್ಲಿಲ್ಲ, ಆದರೆ ವಯಸ್ಸಾದವರು ಒಂಟಿಯಾಗಿ ಬರಬೇಕೆಂದು ನಿಯಮವೇನೂ ಇಲ್ಲ, ಕರೆದುಕೊಂಡು ಬರಲು ಜೊತೆಗೆ ಒಬ್ಬೊಬ್ಬರು ಬೇಕಾಗುತ್ತಾರೆ ಎಂದರು. ನಾನು ಸಿಟ್ಟಿನಲ್ಲಿ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಆಟೋದಲ್ಲಿ ದಾರಿಯುದ್ದಕ್ಕೂ, ಅಕ್ಕ ಮಗಳ ಬಗ್ಗೆ ಏನಾದರೂ ಕೇಳುತ್ತಾರೆ, ಏನು ಹೇಳಲಿ ಎಂದು ನಾನು ಉತ್ತರ ಜೋಡಿಸಿಕೊಳ್ಳುತ್ತಿದ್ದೆ. ಇಳಿಯುವಾಗ ಅವರು ನನ್ನ ತೋಳು ಹಿಡಿದುಕೊಂಡರು.

"ನಂಗೆ ಈಗೀಗ ಒಬ್ಬಳೇ ನಡೆಯಲಿಕ್ಕೆ ಆಗುದಿಲ್ಲ. ನಾಳೆಯಿಂದ ಹುಡುಗಿಯನ್ನು ನನ್ನ ಜೊತೆಗೆ ಕಳಿಸು ಮಾರಾಯ್ತಿ" ಎಂದರು.

ಹಿಂದಿನ ದಿನವೇ ಈಕೆ ಮಾರ್ಕೆಟ್ಟಿನಿಂದ ಎರಡೂ ಕೈಯಲ್ಲಿ ಚೀಲ ಹಿಡಿದು, ಎಲ್ಲರಿಗಿಂತ ಮುಂದೆ ನಡೆದು ಬಂದಿದ್ದರು.

ಹೀಗೆ ನಮ್ಮ ಮಂಡಳಿಯ ಹೆಂಗಸರಿಗೆಲ್ಲ ಒಂದೇ ವಾರದಲ್ಲಿ ಕಾಲು ನೋವು ಬಂತು. ಒಬ್ಬೊಬ್ಬರಿಗೂ ಕೋಣೆಯ ಹುಡುಗ ಹುಡುಗಿಯರಲ್ಲಿ ಒಬ್ಬೊಬ್ಬ ಜೊತೆಗಾರ. ಹಾರ್ಮೋನಿಯಂನ ಎದುರುಮನೆಯಾಕೆಗೆ ಆ ನಿದ್ದೆಯ ಹುಡುಗಿ. ಹುಡುಗಿ ಯಾರು ಏನು ಎತ್ತ ಎಂದು ಆಕೆಗೆ ಗೊತ್ತಿಲ್ಲ. ಅಕ್ಕ ಹೇಳಿದರೆಂದು ಒಪ್ಪಿಕೊಂಡರು. ನನಗೆ ಅರವತ್ತಾಗಲು ಇನ್ನೂ ಸಮಯವಿತ್ತು. ಕಾವಲಿನವನು ಕೇಳಿದಾಗ ಜನ್ಮದಲ್ಲಿ ಮೊದಲ ಬಾರಿಗೆ ವಯಸ್ಸು ಜಾಸ್ತಿ ಮಾಡಿ ಹೇಳಿದೆ. ಅವನು ಎಳ್ಳಷ್ಟೂ ಅನುಮಾನ ಪಡದೆ ಒಳಗೆ ಬಿಟ್ಟದ್ದು ಮಾತ್ರ ಮನಸ್ಸಿಗೆ ಚುಚ್ಚಿತು. ನನ್ನ ಪಾಲಿಗೆ ಬಂದವನು ಕಿಟಕಿಯ ಬಳಿ ಅಳುತ್ತಿದ್ದ ಹುಡುಗ. ಮೆಟ್ಟಿಲ ಹತ್ತಿರ ಬಂದೊಡನೆ ಬಲು ಗಂಭೀರವಾಗಿ, "ಸಾವಕಾಶ ಬರ್ರಿ ಅಜ್ಜಿ" ಎನ್ನುವನು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಸಾವಕಾಶ ಹತ್ತುತ್ತಿದ್ದೆ.

ಒಳಗೆ ಬಂದ ಮೇಲೆ ನಾವು ಕುರ್ಚಿಗಳಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದೆವು, ಹುಡುಗರು ಚಾಪೆಯ ಮೇಲೆ. ಮೇಡಂ ಬರುವ ದಿನ ಒಬ್ಬೊಬ್ಬರಾಗಿ ಮರೆಯ ಆಚೆ ಹೋಗಿ ಬರುತ್ತಿದ್ದರು. ಆಗ ನಮ್ಮವರು ಬೇಕೆಂದೇ ಗಟ್ಟಿಯಾಗಿ ಹಾಡುತ್ತಿದ್ದರು, ಒಳಗಿನ ಮಾತು ಹೊರಗೆ ಬೀಳದಿರಲೆಂದು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಈ ಹೆಂಗಸರಿಗೆ ಎಷ್ಟು ತಿಳಿದಿದೆ, ಎಷ್ಟು ತಿಳಿದಿಲ್ಲ ಎಂದು ನನಗೆ ಕೊನೆಗೂ ಗೊತ್ತಾಗಲಿಲ್ಲ. ಅವರ ಮೇಲೆ ಆಗ ಬಂದ ಪ್ರೀತಿ ಇನ್ನೂ ಹಾಗೆಯೇ ಇದೆ. ಎದುರುಮನೆಯಾಕೆ ಮಾತ್ರ ನಡುನಡುವೆ, ನಿಮ್ಮ ಮಗಳು ಆಫೀಸಿನ ಕೆಲಸ ಬಿಟ್ಟು ಅಕ್ಕನನ್ನು ಹೇಗೆ ಕರೆದುಕೊಂಡು ಬರುತ್ತಾಳೆ ಎಂದು ಕೇಳುವರು. ಲಂಚ್ ಬ್ರೇಕ್ ಎನ್ನುತ್ತಿದ್ದೆ.

ಅಕ್ಕನಿಗೂ ನನ್ನ ಮಗಳಿಗೂ ಏನು ಮಾತಾಗುತ್ತಿತ್ತೋ. ಮಗಳ ಕನ್ನಡದಲ್ಲಿ ಅರ್ಧ ಹಿಂದಿ, ಅಕ್ಕನ ಕನ್ನಡದಲ್ಲಿ ಅರ್ಧ ತುಳು. ತೋಳಿಗೆ ತೋಳು ಸೇರಿಸಿಕೊಂಡು ಇಬ್ಬರೂ ಮೊದಲು ಕೋಣೆಯವರೆಗೆ, ಆಮೇಲೆ ಮಾರ್ಕೆಟ್ಟಿನವರೆಗೆ, ಬರಬರುತ್ತ ಸ್ಟೇಷನ್ನಿನ ಎದುರಿನ ಹೂವಿನವಳವರೆಗೆ ಹೋಗಿ ಬರತೊಡಗಿದರು. ಸ್ಟೇಷನ್ ಎಂದದ್ದೇ, ಹೂವಿಗೆ ಅಷ್ಟು ದೂರ ಯಾಕೆ ಎಂದೆ. ಅಲ್ಲಿ ಹೂವು ಚೆನ್ನಾಗಿರುತ್ತದೆ ಎಂದು ಅಕ್ಕ ಹೇಳಿದರು.

ಒಂದು ಮಧ್ಯಾಹ್ನ ಅವರಿಬ್ಬರೂ ಕೋಣೆಗೆ ಬರಲಿಲ್ಲ. ಉಳಿದವರೆಲ್ಲ ಬಂದಾಗಿತ್ತು. ನಾನು ಹೊಸೆದ ಬತ್ತಿಗಳೆಲ್ಲ ಸೊಟ್ಟಗಾದವು. ಮಗಳ ಫೋನು ರಿಂಗಾದರೂ ಅವಳು ಎತ್ತಲಿಲ್ಲ. ಕೊನೆಗೆ ಮೆಟ್ಟಿಲ ಮೇಲೆ ಅಕ್ಕನ ಏದುಸಿರು ಕೇಳಿಸಿತು. ಇಬ್ಬರೂ ಬಾಗಿಲಲ್ಲಿ ಬಂದು ನಿಂತರು. ಮಗಳ ಮುಖ ಬೆವರಿ ಬಿಳಿಚಿಕೊಂಡಿತ್ತು, ಕೂದಲು ಹಣೆಗೆ ಅಂಟಿತ್ತು. ನಾನು ಕುರ್ಚಿಯಿಂದ ಎದ್ದೆ.

ನಾನು ಕೇಳುವ ಮೊದಲೇ ಅಕ್ಕ ಎಲ್ಲರಿಗೂ ಕೇಳಿಸುವಂತೆ ಶುರು ಮಾಡಿದರು. ಘಾಟ್ಕೋಪರಿನಲ್ಲಿ ಪರಿಚಯದವರ ಮನೆಗೆ ಹೋಗಬೇಕಿತ್ತು, ಲೋಕಲ್ ಹತ್ತಿದೆವು. ಹತ್ತಿದ್ದೇ ತನಗೆ ತಲೆ ತಿರುಗಿತು, ವಯಸ್ಸಾಯಿತಲ್ಲ. ಪಾಪ ಹುಡುಗಿ ಮುಂದಿನ ಸ್ಟೇಷನ್ ನಾಹೂರಿನಲ್ಲೇ ಇಳಿಸಿ, ಆಟೋ ಮಾಡಿ ಜೋಪಾನವಾಗಿ ಕರೆತಂದಳು. ಹೆಂಗಸರೆಲ್ಲ ಅಯ್ಯೋ ಎಂದು ಅಕ್ಕನಿಗೆ ಕುರ್ಚಿ ಎಳೆದರು, ಒಬ್ಬರು ನೀರು ತಂದರು. ಮಗಳು ಬಾಗಿಲಲ್ಲೇ ನಿಂತಿದ್ದಳು.

"ಅಜ್ಜಿಗೆ ಏನೂ ಆಗಿಲ್ಲ" ಎಂದಳು. "ಅವರು ನಂಗೋಸ್ಕರ ಹಾಗೆ ಹೇಳ್ತಿದಾರೆ. ನಂಗೇ ಆಗಿದ್ದು. ಟ್ರೈನ್ ಅಂದ್ರೆ ನಂಗೆ ಭಯ ಆಗತ್ತೆ, ಬಹುತ್ ಭಯ. ಜಾಬ್ ಹೋಗಿದ್ದೂ ಅದಕ್ಕೇ. ವರ್ಕ್ ಫ್ರಮ್ ಹೋಮ್ ಏನೂ ಇಲ್ಲ ಆಂಟಿ."

ಬತ್ತಿ ಹೊಸೆಯುವ ಕೈಗಳೆಲ್ಲ ನಿಂತವು. ಚಾಪೆಯ ಮೇಲಿದ್ದ ಹುಡುಗರು ತಲೆ ಎತ್ತಿದರು. ನಾನು ಎದುರುಮನೆಯಾಕೆಯ ಮುಖ ನೋಡಿದೆ. ಇಡೀ ಬಿಲ್ಡಿಂಗಿಗೆ ಸಂಜೆಯೊಳಗೆ ಗೊತ್ತಾಗುತ್ತದೆ, ಮಗಳ ಮದುವೆಯ ಮಾತು ಬಂದಾಗಲೆಲ್ಲ ಇದೂ ಬರುತ್ತದೆ, ಇನ್ನು ಇವಳು ಲಿಫ್ಟಿನಲ್ಲೂ ತಲೆ ಎತ್ತುವ ಹಾಗಿಲ್ಲ ಎಂದೆಲ್ಲ ಅರೆಗಳಿಗೆಯಲ್ಲಿ ನನ್ನ ತಲೆಯಲ್ಲಿ ಓಡಿತು. ಆಕೆ ಕನ್ನಡಕ ತೆಗೆದು, ಸೀರೆಯ ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡರು. ನನ್ನ ಮಗಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ನಾಹೂರ್‌ವರೆಗೆ ಕೂತ್ಕೊಳ್ಳೋಕೆ ಜಾಗ ಸಿಕ್ತಾ?" ಎಂದು ಕೇಳಿದರು.

ಲೋಕಲ್‌ನಲ್ಲಿ ಹೋಗಿ ಬಂದ ಯಾರನ್ನೇ ಆಗಲಿ ಈ ಊರಿನವರು ಮೊದಲು ಕೇಳುವುದು ಅದನ್ನೇ.

"ಸಿಕ್ತು ಆಂಟಿ. ವಿಂಡೋ ಸೀಟ್" ಎಂದಳು ನನ್ನ ಮಗಳು. ಹೇಳುತ್ತ ಹೇಳುತ್ತಲೇ ಅವಳಿಗೆ ನಗು ಬಂತು.

"ನೋಡಿದ್ರಾ, ನಮಗೆ ಯಾವತ್ತಾದ್ರೂ ಸಿಕ್ಕಿದೆಯಾ?" ಎಂದು ಎದುರುಮನೆಯಾಕೆ ಉಳಿದವರ ಕಡೆ ತಿರುಗಿದರು. ಯಾವ ಗಾಡಿ, ಫಾಸ್ಟೋ ಸ್ಲೋವೋ, ಎಷ್ಟು ಹೊತ್ತಿನದು ಎಂದು ಎಲ್ಲರೂ ಒಟ್ಟಿಗೆ ಕೇಳತೊಡಗಿದರು. ಮಗಳು ಚಪ್ಪಲಿ ಕಳಚಿಟ್ಟು ಒಳಗೆ ಬಂದು ಅವರ ನಡುವೆ ಕೂತಳು.